ವಿದೇಶಕ್ಕೆ ಹೊರಟಿದ್ದೇವೆ: ತುಂಬಿದ ಮನೆಯ ಸಾಮಾನನ್ನು ಯಾರಿಗೆ, ಹೇಗೆ ಕೊಡುವುದು?

ಕುವೆಂಪುನಗರದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಶಾಲೆಗಳು ಜನವರಿ ಕೊನೆಯಲ್ಲಿ ಆರಂಭವಾಗುವುದರಿಂದ ಡಿಸೆಂಬರ್ ಮುಗಿಯುವುದರೊಳಗೆ ಮಕ್ಕಳನ್ನು ಕರೆದುಕೊಂಡು ಹೊರಡಬೇಕಾಗಿದೆ. ಅತ್ತೆಯವರು ಮಂಡ್ಯದಲ್ಲಿರುವ ಮೈದುನನ ಮನೆಗೆ ಹೋಗುತ್ತಾರೆ. ಮಾವನವರು ಮೈಸೂರಿನಲ್ಲಿ ಕಟ್ಟಿಸಿದ ಈ ಮನೆಯನ್ನು ಪೂರ್ತಿಯಾಗಿ ಬಾಡಿಗೆಗೆ ಕೊಡುವುದೆಂದು ತೀರ್ಮಾನವಾಗಿರುವುದರಿಂದ, ಒಂದು ಕೋಣೆಯಲ್ಲಿ ಎಲ್ಲವನ್ನೂ ತುಂಬಿ ಬೀಗ ಹಾಕುವ ಅವಕಾಶವೂ ಇಲ್ಲ.

ಸಾಮಾನಿನ ವಿಚಾರಕ್ಕೆ ಬಂದರೆ, ಹಳೆಯ ಕಾಲದ ಮರದ ಸೋಫಾ ಮತ್ತು ತೂಗುಮಂಚ, ಎರಡು ಕಬ್ಬಿಣದ ಬೀರು, ಫ್ರಿಜ್, ವಾಷಿಂಗ್ ಮೆಷಿನ್, ಗ್ರೈಂಡರ್, ತಾಮ್ರದ ಹಂಡೆಗಳು, ಹಿತ್ತಾಳೆ ಕೊಳಗಗಳು, ಉಪ್ಪಿನಕಾಯಿ ಜಾಡಿಗಳು, ನವರಾತ್ರಿಯ ಗೊಂಬೆಗಳು, ದೇವರ ಮನೆಯ ವಿಗ್ರಹಗಳು, ಮಾವನವರ ಪುಸ್ತಕಗಳು, ಒಂದು ಕಾರು, ಒಂದು ಸ್ಕೂಟರ್ ಇವೆ. ಎಲ್ಲವನ್ನೂ ಒಬ್ಬನೇ ವ್ಯಾಪಾರಿಗೆ ಒಟ್ಟು ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಯಜಮಾನರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಶ್ರೀರಂಗಪಟ್ಟಣದ ಅಜ್ಜಿಮನೆ
ಮೊದಲು ನಿಮ್ಮ ಅತ್ತೆಯವರನ್ನು ಕೇಳಿದ್ದೀರಾ ತಾಯಿ?

ಸರಸ್ವತಿಪುರಂ ಹಿರಿಯ
ಒಟ್ಟು ಬೆಲೆಗೆ ಕೊಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಹಾಗೆ ಕೊಳ್ಳುವವರು ಮನೆಯೊಳಗೆ ಒಂದು ಸುತ್ತು ಬಂದು ತಾಮ್ರ, ಹಿತ್ತಾಳೆ, ಮರ ಇವುಗಳ ಮೇಲೆ ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಬೆಲೆ ಹೇಳುವಾಗ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ಹಳೆಯ ಟಿವಿಗಳನ್ನು ತೋರಿಸಿ, ಇವನ್ನೆಲ್ಲ ಸಾಗಿಸುವ ಖರ್ಚೇ ಹೆಚ್ಚು ಎಂದು ಹೇಳಿ ಇಳಿಸುತ್ತಾರೆ. ಬೆಲೆಯುಳ್ಳದ್ದು ಯಾವುದು, ಬಳಕೆಗೆ ಬರುವುದು ಯಾವುದು, ನಿಜವಾಗಿಯೂ ಗುಜರಿಗೆ ಹೋಗಬೇಕಾದದ್ದು ಯಾವುದು ಎಂದು ನೀವೇ ಬೇರೆ ಮಾಡಿದ ಮೇಲಷ್ಟೇ ಯಾರನ್ನಾದರೂ ಮನೆಯೊಳಗೆ ಬಿಡಿ. ಮೊದಲು ಅಟ್ಟದ ಮೇಲಿನದನ್ನು ಇಳಿಸಿ, ಅಡುಗೆಮನೆಯನ್ನು ಕೊನೆಗೆ ಖಾಲಿ ಮಾಡಿ. ಫ್ರಿಜ್ ಮಾರಿದ ಮೇಲೆ ಮಕ್ಕಳಿರುವ ಮನೆಯಲ್ಲಿ ದಿನ ದೂಡುವುದು ಬಹಳ ಕಷ್ಟ.

ವಿಜಯನಗರ ಎರಡನೇ ಹಂತ
ಮಿಕ್ಸಿ ಮತ್ತು ಗ್ರೈಂಡರನ್ನು ಇಲ್ಲೇ ಕೊಟ್ಟುಬಿಡಿ, ಹೊರದೇಶದಲ್ಲಿ ನಮ್ಮ ವಿದ್ಯುತ್ ಉಪಕರಣಗಳು ಸುಟ್ಟುಹೋಗುತ್ತವೆ.

ಮೆಲ್ಬರ್ನ್‌ನಲ್ಲಿರುವ ಮದ್ದೂರಿನವ
ಸುಟ್ಟುಹೋಗುವುದಿಲ್ಲ. ವೋಲ್ಟೇಜ್ ಹೊಂದದಿರುವ ತೊಂದರೆ ಅಮೆರಿಕದಲ್ಲಿದೆ, ಆಸ್ಟ್ರೇಲಿಯಾದಲ್ಲಿಲ್ಲ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್ ಇರುವುದರಿಂದ ಅಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಮಿಕ್ಸಿ ಸರಿಯಾಗಿ ತಿರುಗುವುದು ಕಷ್ಟ. ಆಸ್ಟ್ರೇಲಿಯಾದಲ್ಲಿ ನಮ್ಮಲ್ಲಿರುವಂತೆಯೇ 230 ವೋಲ್ಟ್, 50 ಹರ್ಟ್ಸ್ ಇದೆ. ಪಿನ್ನಿನ ಆಕಾರ ಮಾತ್ರ ಬೇರೆ. ಆದ್ದರಿಂದ ಗಟ್ಟಿಯಾದ ಮಿಕ್ಸಿಯನ್ನು ಖಂಡಿತ ತನ್ನಿ ಅಕ್ಕ. ಗ್ರೈಂಡರ್ ಕಲ್ಲಿನ ತೂಕ ವಿಮಾನಕ್ಕೆ ಆಗದು. ಹಡಗಿನಲ್ಲಿ ಸಾಮಾನು ಕಳಿಸುವುದಾದರೆ ಮಾತ್ರ ಅದನ್ನು ಸೇರಿಸಿ.

ಇನ್ನೊಂದು ಮುಖ್ಯ ವಿಷಯವಿದೆ. ಈ ದೇಶದ ಜೈವಿಕ ಸುರಕ್ಷತೆಯ ನಿಯಮಗಳು ಬಹಳ ಕಟ್ಟುನಿಟ್ಟು. ಮರ, ಬಿದಿರು, ಬೆತ್ತ, ಹುಲ್ಲಿನ ಪೊರಕೆ, ಬೀಜ, ಹಾಲಿನ ಪದಾರ್ಥ, ಮಣ್ಣು ಮೆತ್ತಿದ ಚಪ್ಪಲಿ ಇವೆಲ್ಲವನ್ನೂ ಇಳಿಯುವಾಗ ಘೋಷಿಸಬೇಕು. ಘೋಷಿಸಿದರೆ ನೋಡಿ ಬಿಡುತ್ತಾರೆ ಅಥವಾ ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ಮಕ್ಕಳಿಗೆಂದು ಅಳಗುಳಿಮಣೆ ತರುವುದಾದರೆ ಹುಣಸೆ ಬೀಜ ಮತ್ತು ಗುಲಗಂಜಿಯನ್ನು ಅಲ್ಲೇ ಬಿಟ್ಟು, ಮಣೆಯನ್ನು ಮಾತ್ರ ಘೋಷಿಸಿ ತನ್ನಿ. ದರ್ಭೆ, ಗೋಮಯ, ಗೋಮೂತ್ರ ತರುವ ಪ್ರಯತ್ನವನ್ನೇ ಮಾಡಬೇಡಿ. ಹಡಗಿನಲ್ಲಿ ಬರುವ ಸಾಮಾನು ಕನಿಷ್ಠ 12 ತಿಂಗಳು ನಿಮ್ಮದಾಗಿದ್ದು ಬಳಕೆಯಾಗಿದ್ದರೆ ಅದರ ಮೇಲೆ ಸುಂಕವಿಲ್ಲ. ಹೊರಡುವ ಮುನ್ನ ಹೊಸ ಪಾತ್ರೆಗಳನ್ನು ಕೊಂಡು ಅದರೊಳಗೆ ತುಂಬಬೇಡಿ ಎಂದು ಹೇಳುವುದಕ್ಕೆ ಇದೇ ಕಾರಣ.

ಮರಗೆಲಸದ ಮನೆತನ
ಅಮ್ಮಾ, ಆ ಸೋಫಾ ಮತ್ತು ತೂಗುಮಂಚ ಯಾವ ಮರದ್ದು? ನಮ್ಮ ತಾತನ ಕಾಲದಿಂದ ಮರದ ಕೆಲಸ ಮಾಡಿಕೊಂಡು ಬಂದವರಾದ್ದರಿಂದ ಕೇಳುತ್ತಿದ್ದೇನೆ. ಮೈಸೂರಿನ ಹಳೆಯ ಮನೆಗಳಲ್ಲಿ ಬೀಟೆ ಮರದ ಸಾಮಾನು ಬಹಳ ಇತ್ತು. ಅದರ ಮೇಲೆ ಯಾರೋ ಕಪ್ಪು ಪಾಲಿಶ್ ಬಳಿದಿದ್ದರೆ ಇಂದಿನವರಿಗೆ ಗುರುತೇ ಸಿಗುವುದಿಲ್ಲ. ತೂಗುಮಂಚವನ್ನು ಮಗುಚಿ, ಹಲಗೆಯ ಅಡಿಭಾಗದಲ್ಲಿ ಕಣ್ಣಿಗೆ ಬೀಳದ ಮೂಲೆಯನ್ನು ಚೂರಿಯ ತುದಿಯಿಂದ ಉಗುರಿನಷ್ಟು ಕೆರೆದು ನೋಡಿ. ಒಳಗೆ ನೇರಳೆ ಮಿಶ್ರಿತ ಕಂದು ಬಣ್ಣವಿದ್ದು ಕಪ್ಪು ಗೆರೆಗಳು ಓಡಿದ್ದರೆ, ಹಲಗೆ ಕೈಗೆ ಭಾರವೆನಿಸಿದರೆ, ಅದು ಬಹುಮಟ್ಟಿಗೆ ಬೀಟೆಯೇ. ಹೊನ್ನಿನ ಬಣ್ಣವಿದ್ದು ಎಣ್ಣೆಯ ಜಿಡ್ಡು ಇದ್ದ ಹಾಗೆ ಕಂಡರೆ ತೇಗ. ಕೊಳ್ಳಲು ಬಂದವರು ‘ಇದು ಕಾಡುಮರ’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಒಪ್ಪಿಕೊಳ್ಳಬೇಡಿ.

ವಿಜಯನಗರ ಎರಡನೇ ಹಂತ
ಬೀಟೆಯಾಗಿದ್ದರೆ ಮಾರುವುದೇಕೆ? ಹಡಗಿನಲ್ಲಿ ಜೊತೆಗೇ ಸಾಗಿಸಬಹುದಲ್ಲವೇ?

ಮರಗೆಲಸದ ಮನೆತನ
ಅಷ್ಟು ಸುಲಭವಿಲ್ಲ ಸರ್. ಬೀಟೆ ಮತ್ತು ಅದರ ಜಾತಿಯ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ, ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಭಾರವಾದ ಪೀಠೋಪಕರಣ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು. ಅದರ ಮೇಲೆ, ಹಳೆಯ ಮರದಲ್ಲಿ ಹುಳು ಕೊರೆದ ತೂತುಗಳು ಕಂಡರೆ ಆ ದೇಶದವರು ನಿಮ್ಮದೇ ಖರ್ಚಿನಲ್ಲಿ ಹೊಗೆ ಹಾಕಿಸುತ್ತಾರೆ, ಇಲ್ಲವೇ ನಾಶ ಮಾಡಿಸುತ್ತಾರೆ. ಸಂಬಂಧಿಕರಲ್ಲಿ ಜಾಗವಿರುವವರಿಗೆ ಕೊಡುವುದೇ ಲೇಸು.

ಗೋಕುಲಂ ವಾಸಿ
ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ? ಮನೆಗೆಲಸಕ್ಕೆ ಬರುವವರಿಗೆ ಎಲ್ಲವನ್ನೂ ಕೊಟ್ಟುಬಿಡಿ. ಅವರಿಗೂ ಅನುಕೂಲವಾಗುತ್ತದೆ, ನಿಮಗೂ ಪುಣ್ಯ ಬರುತ್ತದೆ.

ಮೇಟಗಳ್ಳಿಯ ಮಗಳು
ಮೇಲಿನ ಮಾತಿಗೆ ಉತ್ತರಿಸದೆ ಇರಲಾರೆ. ನಮ್ಮ ತಾಯಿ ಬಹಳ ವರ್ಷ ಮನೆಗೆಲಸ ಮಾಡಿ ನಮ್ಮನ್ನು ಓದಿಸಿದವರು. ಮನೆ ಖಾಲಿ ಮಾಡುವವರು ಕೊನೆಯ ದಿನ ಕರೆದು, ಮುರಿದ ಮಿಕ್ಸಿ, ಕುಳಿ ಬಿದ್ದ ಹಾಸಿಗೆ, ನಮ್ಮ ಒಂದು ಕೋಣೆಯ ಮನೆಯ ಬಾಗಿಲಲ್ಲಿ ಹಿಡಿಸದ ಮಂಚ ಇವನ್ನು ‘ತೆಗೆದುಕೊಂಡು ಹೋಗು’ ಎಂದು ಹೇಳುತ್ತಿದ್ದರು. ಬೇಡ ಎಂದು ಹೇಳಲು ಸಂಕೋಚ. ಆಟೋದವನಿಗೆ ಕೈಯಿಂದ ಹಣ ಕೊಟ್ಟು ತಂದು, ಕೆಲವು ದಿನ ಹೊರಗೆ ಮಳೆಯಲ್ಲಿ ಇಟ್ಟು, ಕೊನೆಗೆ ನಾವೇ ಗುಜರಿಗೆ ಹಾಕುತ್ತಿದ್ದೆವು. ಅದನ್ನು ಕೊಡುಗೆ ಎಂದು ಹೇಗೆ ಕರೆಯುವುದು?

ಕೊಡುವುದಾದರೆ ಮೊದಲೇ ಮನೆಯೊಳಗೆ ಕರೆದು ತೋರಿಸಿ. ಅವರಿಗೆ ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ, ಬೇಡವಾದದ್ದನ್ನು ಬೇಡವೆನ್ನಲಿ. ಸಾಗಿಸುವ ಬಾಡಿಗೆಯನ್ನು ನೀವೇ ಕೊಡಿ. ಫ್ರಿಜ್ ಕೊಡುವ ಮುನ್ನ ಇನ್ನೊಂದು ವಿಚಾರವನ್ನು ಅವರೊಂದಿಗೆ ಮಾತಾಡಿ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮೇಲ್ಮಿತಿ 200 ಯೂನಿಟ್ ಆದರೂ, ಪ್ರತಿ ಮನೆಗೆ ಸಿಗುವ ಪಾಲು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿರುತ್ತದೆ. ಎರಡು ದೀಪ, ಒಂದು ಫ್ಯಾನ್ ಇದ್ದ ಮನೆಗೆ ಹಳೆಯ ಫ್ರಿಜ್ ಬಂದರೆ ಆ ಪಾಲು ಮೀರಿ, ಹೆಚ್ಚುವರಿ ಬಳಕೆಗೆ ಬಿಲ್ ಬರಲು ಶುರುವಾಗುತ್ತದೆ. ಗೊತ್ತಿದ್ದೂ ಬೇಕೆಂದರೆ ಸಂತೋಷದಿಂದ ಕೊಡಿ.

ಗೋಕುಲಂ ವಾಸಿ
ನಾನು ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು. ಆದರೂ ಪುಕ್ಕಟೆ ಕೊಡುವಾಗ ಆರಿಸಿಕೊಳ್ಳಲಿ ಎನ್ನುವುದು ಸ್ವಲ್ಪ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣದ ಅಜ್ಜಿಮನೆ
ಅತಿ ಏನಿಲ್ಲ. ತಾಂಬೂಲ ಕೊಡುವಾಗ ಕೊಳೆತ ಬಾಳೆಹಣ್ಣನ್ನು ಯಾರೂ ಇಡುವುದಿಲ್ಲ. ಮೇಟಗಳ್ಳಿಯ ತಂಗಿ ಹೇಳಿದ್ದು ಸರಿ.

ಪಾಂಡವಪುರದ ರೈತ
ಹಂಡೆಗಳ ಬಗ್ಗೆ ಒಂದು ಮಾತು. ಗುಜರಿಯವರು ತಾಮ್ರವನ್ನು ತೂಕಕ್ಕೆ ಕೊಳ್ಳುವಾಗ ಮಸಿ ಇದೆ, ಕಬ್ಬಿಣದ ಕಡಗ ಇದೆ, ಬೆಸುಗೆ ಹಾಕಿದ್ದಾರೆ ಎಂದು ಒಂದೊಂದಕ್ಕೂ ಇಷ್ಟಿಷ್ಟು ಕಳೆಯುತ್ತಾರೆ. ಆಮೇಲೆ ಅದು ಕರಗುವುದಕ್ಕೆ ಹೋಗುತ್ತದೆ. ನಮ್ಮ ಊರಿನಲ್ಲಿ ಈಗಲೂ ಬಚ್ಚಲ ಒಲೆಯ ಮೇಲೆ ಹಂಡೆಯಲ್ಲೇ ನೀರು ಕಾಯಿಸುತ್ತೇವೆ. ತೂತಿಲ್ಲದ ಹಂಡೆಯಾದರೆ ಅಂದಿನ ತಾಮ್ರದ ದರವನ್ನೇ ಕೊಟ್ಟು ಕೊಂಡುಕೊಳ್ಳಲು ನಾನು ಸಿದ್ಧ. ಮೈಸೂರಿನ ಮಾರುಕಟ್ಟೆಗೆ ತರಕಾರಿ ತರುವ ನಮ್ಮ ಟೆಂಪೋ ಊರಿಗೆ ಮರಳುವಾಗ ಖಾಲಿಯಾಗಿಯೇ ಬರುತ್ತದೆ. ನೀವು ಬಾಡಿಗೆ ಕೊಡಬೇಕಾಗಿಲ್ಲ.

ಕುವೆಂಪುನಗರದ ಸೊಸೆ
ಇಷ್ಟು ಜನ ಸಮಯ ಕೊಟ್ಟು ಬರೆದಿರುವುದಕ್ಕೆ ಕೃತಜ್ಞತೆಗಳು. ಅಜ್ಜಿಮನೆಯವರ ಪ್ರಶ್ನೆಯ ಮೇಲೆ ಅತ್ತೆಯವರೊಂದಿಗೆ ಕುಳಿತು ಪಾತ್ರೆಗಳನ್ನೆಲ್ಲ ಇಳಿಸಿದೆವು. ಹಿತ್ತಾಳೆ ಕೊಳಗಗಳ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದಾರೆ. ಒಂದರಲ್ಲಿ ಅತ್ತೆಯವರ ತಾಯಿಯ ಹೆಸರು, ಇನ್ನೊಂದರಲ್ಲಿ ಮಾವನವರ ಅಕ್ಕನ ಮದುವೆಯ ಉಡುಗೊರೆ ಎಂದು ಇದೆ. ನಾನು ಈವರೆಗೆ ಅವನ್ನು ತೊಳೆದಿದ್ದೆನೇ ಹೊರತು ಓದಿರಲಿಲ್ಲ. ಯಾರ ಹೆಸರಿದೆಯೋ ಆ ಮನೆಯವರಿಗೇ ತಲುಪಿಸಬೇಕೆಂಬುದು ಅತ್ತೆಯವರ ಆಸೆ. ಹಾಗೆಯೇ ಮಾಡುತ್ತೇವೆ. ಹೆಸರಿಲ್ಲದ ಎರಡು ಹಂಡೆಗಳನ್ನು ಪಾಂಡವಪುರದ ಅಣ್ಣನವರಿಗೆ ಕೊಡಲು ಅತ್ತೆಯವರ ಒಪ್ಪಿಗೆಯಿದೆ, ಕರಗಿಸಬಾರದೆಂಬುದೊಂದೇ ಅವರ ಷರತ್ತು.

ತೂಗುಮಂಚದ ಅಡಿಭಾಗವನ್ನು ಕೆರೆದು ನೋಡಿದೆವು. ನೇರಳೆ ಬಣ್ಣವೇ ಇದೆ. ಅದನ್ನು ಮೈದುನನ ಮನೆಯ ಹಜಾರಕ್ಕೆ ಕಳಿಸುತ್ತೇವೆ.

ಈಗ ಹೊಸ ತೊಡಕು ಎದುರಾಗಿದೆ. ಅಟ್ಟದ ಟ್ರಂಕಿನಲ್ಲಿ ತಾಳೆಗರಿಯ ಮೂರು ಕಟ್ಟುಗಳು ಸಿಕ್ಕಿವೆ. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ದೇವರ ಮನೆಯ ಕಂಚಿನ ವಿಗ್ರಹಗಳನ್ನು ಜೊತೆಗೆ ಒಯ್ಯಬಹುದೇ? ಗೊಂಬೆಗಳನ್ನು ಏನು ಮಾಡಲಿ?

ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿ
ಮೇಡಂ, ತಾಳೆಗರಿ ಕಟ್ಟುಗಳ ದಾರವನ್ನು ಬಿಚ್ಚಬೇಡಿ, ಬಿಸಿಲಿಗೆ ಇಡಬೇಡಿ, ಎಣ್ಣೆ ಸವರಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೇರವಾಗಿ ಪ್ರಾಚ್ಯವಿದ್ಯಾ ಸಂಶೋಧನಾಲಯದವರನ್ನು ಸಂಪರ್ಕಿಸಿ. 1891ರಲ್ಲಿ ಆರಂಭವಾದ ಈ ಸಂಸ್ಥೆ ನಮ್ಮ ಊರಿನಲ್ಲೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ್ದು ಇಲ್ಲಿಗೆ ಬಂದು ಸೇರಿದ್ದ ಒಂದು ತಾಳೆಗರಿ ಪ್ರತಿಯಿಂದಲೇ. ಆ ಕಟ್ಟನ್ನೂ ಯಾರೋ ಒಬ್ಬರು ಮನೆಯಲ್ಲಿ ಇಟ್ಟುಕೊಂಡಿದ್ದವರೇ ತಂದುಕೊಟ್ಟಿದ್ದರು. ನಿಮ್ಮ ಕಟ್ಟುಗಳಲ್ಲಿ ಪಂಚಾಂಗದ ಲೆಕ್ಕವಿರಬಹುದು, ವೈದ್ಯವಿರಬಹುದು, ಬರೀ ಸಾಲದ ಪಟ್ಟಿಯೂ ಇರಬಹುದು. ತಿಳಿದವರು ನೋಡಿ ಹೇಳುವ ತನಕ ಅದು ಮನೆ ಬಿಟ್ಟು ಬೇರೆಲ್ಲೂ ಹೋಗಬಾರದು.

ವಿದೇಶಕ್ಕಂತೂ ಒಯ್ಯಲೇಬೇಡಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ ಮೊದಲಾದವನ್ನೂ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.

ವಿಜಯನಗರ ಎರಡನೇ ಹಂತ
ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಸಣ್ಣ ವಿಗ್ರಹ ಇಟ್ಟರೆ ಯಾರು ನೋಡುತ್ತಾರೆ?

ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿ
ಎಕ್ಸ್‌ರೇಯಲ್ಲಿ ಲೋಹದ ವಿಗ್ರಹದಷ್ಟು ಸ್ಪಷ್ಟವಾಗಿ ಕಾಣುವುದು ಬೇರೊಂದಿಲ್ಲ ಸರ್. ಹೊರಡುವ ರಾತ್ರಿ, ಮಕ್ಕಳು ಪಕ್ಕದಲ್ಲಿರುವಾಗ, ಇದು ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿ ಆ ಕುಟುಂಬಕ್ಕೆ ಬರಬಾರದು. ಇತ್ತೀಚೆಗೆ ಕೊಂಡ ವಿಗ್ರಹವಾದರೆ ರಸೀದಿ ಇಟ್ಟುಕೊಳ್ಳಿ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರಿಂದ ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಮುಂಚೆಯೇ ಪಡೆಯಿರಿ. ನಿಜವಾಗಿ ಹಳೆಯದಾಗಿದ್ದರೆ ಪೂಜೆ ನಡೆಯುವ ಸಂಬಂಧಿಕರ ಮನೆಯಲ್ಲೇ ಇರಲಿ.

ಶ್ರೀರಂಗಪಟ್ಟಣದ ಅಜ್ಜಿಮನೆ
ಸಾಲಿಗ್ರಾಮವಿದ್ದರೆ ಅದನ್ನು ಮಾರುವ ಮಾತೇ ಬೇಡ, ನಮ್ಮ ಹಿರಿಯರು ಅದಕ್ಕೆ ಬೆಲೆ ಕಟ್ಟಬಾರದೆನ್ನುತ್ತಿದ್ದರು. ನಿತ್ಯಪೂಜೆ ಮಾಡುವವರಿಗೆ ಅಥವಾ ನಿಮ್ಮ ಮಠಕ್ಕೆ ಒಪ್ಪಿಸಿ. ಹಳೆಯ ದೇವರ ಪಟಗಳನ್ನು ಅರಳಿಕಟ್ಟೆಯ ಮೇಲೆ ಇಟ್ಟು ಬರುವ ಪದ್ಧತಿ ನನಗೆ ಸ್ವಲ್ಪವೂ ಇಷ್ಟವಿಲ್ಲ. ಮಳೆಗೆ ನೆನೆದು, ಗಾಜು ಒಡೆದು, ಆಡುವ ಮಕ್ಕಳ ಕಾಲಿಗೆ ಚುಚ್ಚುತ್ತದೆ. ಚೌಕಟ್ಟು ಮತ್ತು ಗಾಜನ್ನು ಬೇರೆ ಮಾಡಿ, ಕಾಗದವನ್ನು ಗೌರವದಿಂದ ವಿಸರ್ಜನೆ ಮಾಡಿದರೆ ಸಾಕು.

ಗೊಂಬೆಗಳ ವಿಷಯದಲ್ಲಿ, ರಾಜ-ರಾಣಿಯ ಮರದ ಜೋಡಿಯಾದ ಪಟ್ಟದ ಗೊಂಬೆಗಳು ನಿಮ್ಮ ಮದುವೆಯಲ್ಲಿ ತವರಿನಿಂದ ಬಂದವಾಗಿದ್ದರೆ ಅವು ನಿಮ್ಮವು, ನಿಮ್ಮ ಮಗಳಿಗೆ ಸೇರಬೇಕಾದವು. ಅವನ್ನು ಜೊತೆಗೆ ಒಯ್ಯಿರಿ.

ಮರಗೆಲಸದ ಮನೆತನ
ಒಯ್ಯುವ ಮುನ್ನ ಮರವನ್ನು ನೋಡಬೇಕು ಅಮ್ಮಾ. ಹಳೆಯ ಪಟ್ಟದ ಗೊಂಬೆಗಳನ್ನು ರಕ್ತಚಂದನದಲ್ಲಿ ಕೆತ್ತಿರುವುದುಂಟು. ರಕ್ತಚಂದನದ ರಫ್ತಿಗೆ ನಮ್ಮ ದೇಶದಲ್ಲಿ ಬಹಳ ಕಟ್ಟುನಿಟ್ಟಿನ ನಿರ್ಬಂಧವಿದೆ. ಹಳೆಯ ಜೋಡಿಯನ್ನು ಮಕ್ಕಳ ಅಜ್ಜಿಯ ಬಳಿ ಬಿಟ್ಟು, ಸಾಮಾನ್ಯ ಮರದಲ್ಲಿ ಮಾಡಿದ ಹೊಸ ಜೋಡಿಯನ್ನು ಒಯ್ಯುವುದು ಕ್ಷೇಮ. ಅದನ್ನೂ ಘೋಷಿಸಲೇಬೇಕು.

ಮೇಟಗಳ್ಳಿಯ ಮಗಳು
ಮಣ್ಣಿನ ಗೊಂಬೆಗಳನ್ನು ಬಿಡಿಬಿಡಿಯಾಗಿ ಹಂಚಬೇಡಿ ಅಕ್ಕ. ದಶಾವತಾರದ ಸಾಲಿನಲ್ಲಿ ಒಂದು ಕಡಿಮೆಯಾದರೂ ಕೂರಿಸುವವರಿಗೆ ಪೇಚಾಟ. ಪೂರ್ತಿ ಸೆಟ್ಟನ್ನು, ಮೆಟ್ಟಿಲಿನ ಹಲಗೆಗಳ ಸಮೇತ, ಹೊಸದಾಗಿ ಗೊಂಬೆ ಕೂರಿಸಲು ಆಸೆಯಿರುವ ಒಂದು ಮನೆಗೆ ಕೊಡಿ. ಕೊಳ್ಳುವ ಶಕ್ತಿಯಿಲ್ಲದೆ ಸುಮ್ಮನಿರುವ ಮನೆಗಳು ನಮ್ಮ ಬಡಾವಣೆಯಲ್ಲೇ ಇವೆ.

ವಾಹನ ವಿಮೆಯ ಪ್ರತಿನಿಧಿ
ಕಾರು ಮತ್ತು ಸ್ಕೂಟರಿನ ಬಗ್ಗೆ ಯಾರೂ ಬರೆದಿಲ್ಲ. ನಿಜವಾದ ಅಪಾಯ ಇರುವುದು ಅಲ್ಲೇ. ಕೀಲಿ ಕೊಟ್ಟು, ಹಣ ಪಡೆದು, ಸಹಿ ಹಾಕಿದ ಖಾಲಿ ನಮೂನೆಗಳನ್ನು ಮಧ್ಯವರ್ತಿಯ ಕೈಗಿಟ್ಟು ವಿಮಾನ ಹತ್ತುವವರನ್ನು ಬಹಳ ನೋಡಿದ್ದೇನೆ. ನಮೂನೆ 29 ಮತ್ತು 30 ಭರ್ತಿಯಾಗಿ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗುವ ತನಕ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ನೀವೇ. ಕೊಂಡವರು ಅಪಘಾತ ಮಾಡಿದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಾಲ ಮಾಡಿ ಕೊಂಡ ವಾಹನವಾದರೆ ಬ್ಯಾಂಕಿನಿಂದ ನಮೂನೆ 35 ಪಡೆದು ಅಡಮಾನದ ನಮೂದನ್ನು ಮೊದಲು ತೆಗೆಸಬೇಕು, ಅದಕ್ಕೂ ಸಮಯ ಹಿಡಿಯುತ್ತದೆ. ಆದ್ದರಿಂದ ವಾಹನವನ್ನು ಎಲ್ಲಕ್ಕಿಂತ ಮೊದಲು ಮಾರಿ, ಕೊನೆಯ ದಿನಗಳನ್ನು ಆಟೋದಲ್ಲಿ ಕಳೆಯಿರಿ. ಹೆಸರು ಬದಲಾದ ಪ್ರತಿಯನ್ನು ಕಣ್ಣಾರೆ ನೋಡದೆ ಹೊರಡಬೇಡಿ.

ಸರಸ್ವತಿಪುರಂ ಹಿರಿಯ
ಅತ್ಯಂತ ಉಪಯುಕ್ತ ಮಾತು. ಅದಕ್ಕೆ ಅಡುಗೆ ಅನಿಲವನ್ನೂ ಸೇರಿಸುತ್ತೇನೆ. ಸಿಲಿಂಡರನ್ನು ಪಕ್ಕದ ಮನೆಗೆ ಕೊಟ್ಟು ಹೋಗುವುದು ಸರಿಯಲ್ಲ. ಸಂಪರ್ಕ ಪಡೆದಾಗ ಕೊಟ್ಟ ವೋಚರ್, ಸಿಲಿಂಡರ್, ರೆಗ್ಯುಲೇಟರ್ ಮೂರನ್ನೂ ವಿತರಕರಿಗೆ ಒಪ್ಪಿಸಿದರೆ ಅಂದು ಕಟ್ಟಿದ ಠೇವಣಿ ಹಿಂದಕ್ಕೆ ಸಿಗುತ್ತದೆ.

ಜಾಲತಾಣಗಳಲ್ಲಿ ಬೀರು, ವಾಷಿಂಗ್ ಮೆಷಿನ್‌ಗಳ ಜಾಹೀರಾತು ಹಾಕುವಾಗಲೂ ಎಚ್ಚರವಿರಲಿ. ವಸ್ತುವನ್ನು ನೋಡದೆಯೇ ಹೇಳಿದ ಬೆಲೆಗೆ ಒಪ್ಪಿ, ತಾನು ಸೇನೆಯಲ್ಲಿರುವುದಾಗಿ ಹೇಳಿಕೊಂಡು, ಹಣ ಕಳಿಸುತ್ತೇನೆ ಈ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಎನ್ನುವವನು ವಂಚಕ. ಹಣ ಪಡೆಯುವುದಕ್ಕೆ ಯಾರೂ ಯುಪಿಐ ಪಿನ್ ಒತ್ತಬೇಕಾಗಿಲ್ಲ.

ಗೋಕುಲಂ ವಾಸಿ
ರೇಷ್ಮೆ ಸೀರೆಗಳ ಬಗ್ಗೆಯೂ ಹೇಳಬೇಕು. ಹಳೆಯ ಜರಿ ಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಮೈಸೂರು ರೇಷ್ಮೆಯನ್ನು ಕೊಡಬೇಡಿ. 1912ರಿಂದ ನಮ್ಮ ಊರಿನ ಕಾರ್ಖಾನೆಯಲ್ಲಿ ನೇಯುತ್ತಿರುವ ಆ ಸೀರೆಗಳ ಜರಿಯಲ್ಲಿ ನಿಜವಾದ ಬೆಳ್ಳಿ ಮತ್ತು ಚಿನ್ನವಿರುತ್ತದೆ. ಒಡಲು ಸವೆದಿದ್ದರೂ ಅಂಚು ಗಟ್ಟಿಯಾಗಿರುತ್ತದೆ, ಮಗಳಿಗೆ ಲಂಗ ಹೊಲಿಸಬಹುದು. ಮತ್ತೆ, ಮೇಟಗಳ್ಳಿಯವರು ಬರೆದದ್ದನ್ನು ಇನ್ನೊಮ್ಮೆ ಓದಿದೆ. ಗೊಂಬೆಗಳಿಗೆ ಅವರು ಹೇಳಿದ ಮನೆಯೇ ಸೂಕ್ತವೆಂದು ನನಗೂ ಅನ್ನಿಸುತ್ತದೆ.

ಕುವೆಂಪುನಗರದ ಸೊಸೆ
ಯಜಮಾನರಿಗೂ ಎಲ್ಲವನ್ನೂ ಓದಿ ಹೇಳಿದೆ. ಒಟ್ಟು ಬೆಲೆಯ ಮಾತನ್ನು ಅವರು ಬಿಟ್ಟಿದ್ದಾರೆ. ಕಾರಿನ ಸಾಲದ ಕಾಗದಕ್ಕೆ ಈ ವಾರವೇ ಬ್ಯಾಂಕಿಗೆ ಹೋಗುತ್ತಾರೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನನ್ನು ಕೂರಿಸಿ ಏನು ಬೇಕೆಂದು ಕೇಳಿದಾಗ, ನಾನು ಊಹಿಸಿದ್ದ ಯಾವುದನ್ನೂ ಅವರು ಹೇಳಲಿಲ್ಲ. ಮಗನ ಓದಿಗೆ ಮಾವನವರ ಬರೆಯುವ ಮೇಜು ಮತ್ತು ಬೀಗವಿರುವ ಸಣ್ಣ ಬೀರು ಬೇಕೆಂದರು. ಎರಡನ್ನೂ ಅವರ ಮನೆಗೆ ನಾವೇ ತಲುಪಿಸುತ್ತೇವೆ. ಉಳಿದಿರುವುದು ಪುಸ್ತಕಗಳು. ಎರಡು ಕಪಾಟು ತುಂಬ ಇವೆ, ಬಹುಪಾಲು ಕನ್ನಡದವು. ಗ್ರಂಥಾಲಯದವರು ಹಾಗೆಯೇ ತೆಗೆದುಕೊಳ್ಳುತ್ತಾರೆಯೇ?

ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿ
ಗೋಣಿಚೀಲದಲ್ಲಿ ತುಂಬಿ ಒಯ್ದರೆ ಯಾವ ಗ್ರಂಥಾಲಯವೂ ಸಂತೋಷಪಡುವುದಿಲ್ಲ. ಅವರಲ್ಲಿ ಈಗಾಗಲೇ ಇರುವ ಪ್ರತಿಗಳೇ ಹೆಚ್ಚಿರುತ್ತವೆ. ಶೀರ್ಷಿಕೆ, ಲೇಖಕರು, ಮುದ್ರಣದ ವರ್ಷ ಇಷ್ಟನ್ನು ಬರೆದ ಪಟ್ಟಿ ಮಾಡಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ತೋರಿಸಿ. ಅವರು ಬೇಕೆಂದು ಗುರುತು ಮಾಡಿದ್ದನ್ನು ಅಲ್ಲಿಗೆ ಕೊಡಿ. ಕಥೆ, ಕಾದಂಬರಿಗಳು ಮಂಡ್ಯದ ಕಡೆಯ ಯಾವುದಾದರೂ ಸರ್ಕಾರಿ ಪ್ರೌಢಶಾಲೆಗೆ ಹೋಗಲಿ, ಅಲ್ಲಿ ಮುಖ್ಯೋಪಾಧ್ಯಾಯರಿಂದ ಸ್ವೀಕೃತಿ ಪತ್ರ ಪಡೆಯಿರಿ. ಹಳೆಯ ಮಾಸಪತ್ರಿಕೆಗಳ ಬಿಡಿ ಸಂಚಿಕೆಗಳಿದ್ದರೆ ಅವನ್ನು ರದ್ದಿಗೆ ಹಾಕುವ ಮುನ್ನ ನನಗೆ ತಿಳಿಸಿ, ನಾನೇ ಬಂದು ನೋಡುತ್ತೇನೆ.

ಪಾಂಡವಪುರದ ರೈತ
ನಮ್ಮ ಊರಿನ ಪ್ರೌಢಶಾಲೆಯ ಮೇಷ್ಟ್ರನ್ನು ನಾನು ಕೇಳುತ್ತೇನೆ. ಅವರು ಒಪ್ಪಿದರೆ ಹಂಡೆಯ ಜೊತೆಗೆ ಅದೇ ಟೆಂಪೋದಲ್ಲಿ ಪುಸ್ತಕಗಳೂ ಬರಲಿ. ಮಳೆಗಾಲ ಇನ್ನೂ ಮುಗಿದಿಲ್ಲವಾದ್ದರಿಂದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ಟಾರ್ಪಾಲು ಕಟ್ಟಿಸುತ್ತೇನೆ. ಯಾವ ದಿನ ಬರಬೇಕೆಂದು ತಿಳಿಸಿ.